ಕ್ರೆಟಾ ಕೊಳ್ಳುವ ಮುನ್ನ: ಹೊಸದೋ, ಹಳೆಯದೋ, ಯಾವ ತಲೆಮಾರಿನದೋ?

"ಹದಿನಾಲ್ಕು ಲಕ್ಷ ಕೈಯಲ್ಲಿದೆ. ಹೊಸ ಹ್ಯುಂಡೈ ಕ್ರೆಟಾದ ಬೇಸ್ ಮಾಡೆಲ್ ತಗೊಳ್ಳಲಾ, ಇಲ್ಲಾ ಮೂರು ವರ್ಷ ಓಡಿರುವ ಟಾಪ್ ಮಾಡೆಲ್ ತಗೊಳ್ಳಲಾ?" ಬೆಂಗಳೂರಿನ ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲು ಬಣ್ಣ ಮತ್ತು ಸನ್‌ರೂಫ್ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ, ಕೊನೆಗೆ ಇಂಜಿನ್ ಬಗ್ಗೆ ಯೋಚಿಸುತ್ತಾರೆ. ಈ ಸಾಲನ್ನು ತಿರುಗಿಸಿ. ಮೊದಲು ನಿಮ್ಮ ಓಡಾಟ, ಆಮೇಲೆ ಇಂಜಿನ್ ಮತ್ತು ಗೇರ್‌ಬಾಕ್ಸ್, ಆಮೇಲೆ ತಲೆಮಾರು. ಎದುರಿಗೆ ನಿಂತಿರುವ ಕಾರನ್ನು ಕೊನೆಗೆ ನೋಡಿದರೆ ಸಾಕು. ಇದೇ ದಾರಿ ಕಿಯಾ ಕಂಪನಿಯ ಸೆಲ್ಟೋಸ್‌ಗೂ ಹೊಂದುತ್ತದೆ. 2019ರಲ್ಲಿ ಬಂದ ಸೆಲ್ಟೋಸ್ ಮತ್ತು 2020ರ ಕ್ರೆಟಾ ಹಂಚಿಕೊಂಡದ್ದು ಒಂದೇ ಇಂಜಿನ್‌ಗಳನ್ನು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ರೆಟಾ ಒಂದು ಕ್ರಾಸ್‌ಓವರ್. ಅಂದರೆ ನೋಡಲು ಎಸ್‌ಯುವಿ, ಕಟ್ಟಿರುವುದು ಕಾರಿನ ಹಾಗೆ. ಬಾಡಿ ಮತ್ತು ಚಾಸಿ ಬೇರೆ ಬೇರೆ ಅಲ್ಲ, ಎರಡೂ ಸೇರಿ ಒಂದೇ ಚಿಪ್ಪು. ಭಾರತದಲ್ಲಿ ಮಾರಿರುವ ಕ್ರೆಟಾಗಳೆಲ್ಲ ಮುಂದಿನ ಚಕ್ರಗಳಿಂದ ಓಡುವವು. ನಗರದ ಗುಂಡಿ, ಹಂಪ್ಸ್, ಊರಿನ ಮಣ್ಣು ರಸ್ತೆಗೆ ಚೆನ್ನಾಗಿದೆ. ಮಳೆಗಾಲದಲ್ಲಿ ಕೆಸರು ತುಂಬಿದ ತೋಟದ ದಾರಿ ಹತ್ತಬೇಕು ಅನ್ನುವವರಿಗೆ ಇದು ಸರಿಯಾದ ಗಾಡಿ ಅಲ್ಲ.

ಏನೇನು ಬೇಕು

ಅಳತೆ ಟೇಪು, ಒಳ್ಳೆಯ ಟಾರ್ಚ್, ಬಿಳಿ ಹಳೆ ಬಟ್ಟೆ, ಫೋನಿನಲ್ಲಿ ಎಂ-ಪರಿವಾಹನ್ ಆ್ಯಪ್. ಓಬಿಡಿ ಸ್ಕ್ಯಾನರ್ ಇದ್ದರೆ ಇನ್ನೂ ಒಳ್ಳೆಯದು. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಚುಚ್ಚಿದರೆ ಕಾರಿನ ಕಂಪ್ಯೂಟರ್ ದಾಖಲಿಸಿಕೊಂಡ ದೋಷಗಳನ್ನು ಫೋನಿನಲ್ಲಿ ತೋರಿಸುವ ಚಿಕ್ಕ ಸಾಧನ ಅದು. ಇವೆಲ್ಲಕ್ಕಿಂತ ಮುಖ್ಯ, ಮಾರುವವರಿಗೆ ಪರಿಚಯ ಇಲ್ಲದ ಒಬ್ಬ ಮೆಕ್ಯಾನಿಕ್.

ಹಂತ 1: ನಿಮ್ಮ ಓಡಾಟ ಬರೆದಿಟ್ಟುಕೊಳ್ಳಿ

ಎರಡು ವಾರ ಸುಮ್ನೆ ಬರೆಯಿರಿ. ದಿನಕ್ಕೆ ಎಷ್ಟು ಕಿಲೋಮೀಟರ್? ಅದರಲ್ಲಿ ಎಷ್ಟು ಹೊತ್ತು ನಿಂತು ನಿಂತು ಹೋಗುವ ಟ್ರಾಫಿಕ್? ತಿಂಗಳಿಗೆ ಎಷ್ಟು ಸಲ ಊರಿಗೆ? ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಸಿಲ್ಕ್ ಬೋರ್ಡ್ ಮೇಲೆ ಹೋಗುವವರಿಗೂ, ಪ್ರತಿ ಶನಿವಾರ ಹಾಸನಕ್ಕೆ ಹೋಗಿಬರುವವರಿಗೂ ಒಂದೇ ಕಾರು ಸರಿಹೋಗುವುದಿಲ್ಲ.

ಹಾಗೆಯೇ ಮನೆಯ ಗೇಟು ಅಳೆಯಿರಿ. ಈಗಿನ ಕ್ರೆಟಾ 4330 ಮಿಲಿಮೀಟರ್ ಉದ್ದ, 1790 ಅಗಲ. ಕನ್ನಡಿಗಳು ಬಿಚ್ಚಿಕೊಂಡರೆ ಇನ್ನೂ ಜಾಸ್ತಿ. ಮಲ್ಲೇಶ್ವರ, ಬಸವನಗುಡಿಯ ಹಳೆ ಮನೆಗಳ ಗೇಟಿನಲ್ಲಿ ಕಾರು ನುಗ್ಗಿದರೂ ಬಾಗಿಲು ತೆರೆಯಲು ಜಾಗ ಇರುವುದಿಲ್ಲ. ಅಪ್ಪ ಅಮ್ಮ ಜೊತೆಗಿದ್ದರೆ ಅವರನ್ನೂ ಕರೆದುಕೊಂಡು ಹೋಗಿ ಹಿಂದಿನ ಸೀಟಿಗೆ ಹತ್ತಿ ಇಳಿದು ನೋಡಲು ಹೇಳಿ.

ಹಂತ 2: ತಲೆಮಾರು ಗುರುತಿಸಲು ಕಲಿಯಿರಿ

ಇಲ್ಲಿಯವರೆಗೆ ಎರಡು ತಲೆಮಾರು, ಎರಡಕ್ಕೂ ಒಂದೊಂದು ಫೇಸ್‌ಲಿಫ್ಟ್. ಫೇಸ್‌ಲಿಫ್ಟ್ ಅಂದರೆ ಅದೇ ಬಾಡಿಗೆ ಹೊಸ ಮುಖ, ಹೊಸ ಡ್ಯಾಶ್‌ಬೋರ್ಡ್, ಕೆಲವು ಹೊಸ ಸೌಲಭ್ಯ.

ಮೊದಲ ಕ್ರೆಟಾ ಬಂದದ್ದು ಜುಲೈ 2015ರಲ್ಲಿ. 1.6 ಲೀಟರ್ ಪೆಟ್ರೋಲ್, 1.4 ಮತ್ತು 1.6 ಲೀಟರ್ ಡೀಸೆಲ್ ಇಂಜಿನ್ ಇದ್ದವು. 2018ರ ಮೇ ತಿಂಗಳಲ್ಲಿ ಅದಕ್ಕೆ ಫೇಸ್‌ಲಿಫ್ಟ್ ಆಯಿತು, ಟಾಪ್ ಮಾಡೆಲ್‌ಗೆ ಸನ್‌ರೂಫ್ ಸೇರಿತು. ಎರಡನೇ ತಲೆಮಾರು ಮಾರ್ಚ್ 2020ರಲ್ಲಿ ಬಂತು. ಮುಂದಿನ ದೀಪ ಎರಡು ಭಾಗವಾಗಿ ಸೀಳಿದ ಹಾಗೆ ಕಾಣುವುದು ಇದೇ. 1.5 ಪೆಟ್ರೋಲ್, 1.5 ಡೀಸೆಲ್, 1.4 ಟರ್ಬೊ ಪೆಟ್ರೋಲ್ ಇದ್ದವು. ಟರ್ಬೊ ಅಂದರೆ ಇಂಜಿನ್ ಒಳಗೆ ಗಾಳಿಯನ್ನು ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ. ಜನವರಿ 2024ರಲ್ಲಿ ಇದರ ಫೇಸ್‌ಲಿಫ್ಟ್ ಬಂತು. ಬಾನೆಟ್ ಅಂಚಿಗೆ ಅಡ್ಡಲಾಗಿ ಒಂದೇ ಉದ್ದನೆಯ ಎಲ್‌ಇಡಿ ಪಟ್ಟಿ ಇದ್ದರೆ ಅದು. 1.4 ಟರ್ಬೊ ಜಾಗಕ್ಕೆ ಅಶ್ವಶಕ್ತಿ ಲೆಕ್ಕದಲ್ಲಿ 160 ಪಿಎಸ್‌ನ 1.5 ಟರ್ಬೊ ಬಂತು. ಜನವರಿ 2025ರಲ್ಲಿ 42 ಮತ್ತು 51.4 ಕಿಲೋವ್ಯಾಟ್ ಅವರ್ ಬ್ಯಾಟರಿಗಳ ಕ್ರೆಟಾ ಎಲೆಕ್ಟ್ರಿಕ್ ಬಂತು. ಅದರ ಲೆಕ್ಕಾಚಾರವೇ ಬೇರೆ, ಇಲ್ಲಿ ಮುಟ್ಟುವುದಿಲ್ಲ.

ಜನ ಇಲ್ಲಿ ಒಂದು ಕಡೆ ಎಡವುತ್ತಾರೆ. ಜಾಹೀರಾತಿನಲ್ಲಿ "2020 ಮಾಡೆಲ್" ಅಂತ ಇದ್ದ ಮಾತ್ರಕ್ಕೆ ಅದು ಎರಡನೇ ತಲೆಮಾರು ಆಗಬೇಕೆಂದಿಲ್ಲ. ಏಪ್ರಿಲ್ 1, 2020ರಿಂದ ಬಿಎಸ್6 ಹೊಗೆ ನಿಯಮ ಬಂತು. ಅದಕ್ಕೂ ಮುಂಚೆ ಹಳೆ ಬಿಎಸ್4 ಸ್ಟಾಕ್ ಖಾಲಿ ಮಾಡುವ ಆತುರದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮೊದಲ ತಲೆಮಾರಿನ ಕಾರುಗಳೂ ರಿಜಿಸ್ಟರ್ ಆಗಿವೆ. 2018 ಮತ್ತು 2024ರಲ್ಲೂ ಹಳೆ ಮುಖ, ಹೊಸ ಮುಖ ಎರಡೂ ಸಿಗುತ್ತವೆ. ಆರ್‌ಸಿಯಲ್ಲಿ (ಅದು ಕಾರಿನ ನೋಂದಣಿ ಪತ್ರ) ರಿಜಿಸ್ಟರ್ ಆದ ದಿನ ಬೇರೆ, ತಯಾರಾದ ತಿಂಗಳು ಮತ್ತು ವರ್ಷ ಬೇರೆ ಬರೆದಿರುತ್ತದೆ. ಬೆಲೆ ಮಾತಾಡುವಾಗ ತಯಾರಾದ ತಿಂಗಳನ್ನೇ ಹಿಡಿದುಕೊಳ್ಳಿ.

ಹಂತ 3: ಇಂಜಿನ್ ಮತ್ತು ಗೇರ್‌ಬಾಕ್ಸ್

ಇಡೀ ಲೇಖನದಲ್ಲಿ ಒಂದೇ ಹಂತ ಓದಲು ಸಮಯ ಇದ್ದರೆ ಇದನ್ನು ಓದಿ. ಬೇಸ್ ಮಾಡೆಲ್‌ಗೆ ಆಮೇಲೆ ಜೆ.ಸಿ. ರಸ್ತೆಯಲ್ಲಿ ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್ ಹಾಕಿಸಬಹುದು. ತಪ್ಪು ಗೇರ್‌ಬಾಕ್ಸ್ ಆರಿಸಿದರೆ ಸರಿಮಾಡಲು ಆಗುವುದಿಲ್ಲ.

*ಡೀಸೆಲ್.* 1.6 ಮತ್ತು 1.5 ಎರಡೂ ಗಟ್ಟಿ ಇಂಜಿನ್‌ಗಳು. ಹೆದ್ದಾರಿಯಲ್ಲಿ ಇವುಗಳ ಎಳೆತ, ಮೈಲೇಜ್ ಎರಡೂ ಚೆನ್ನ. ಆದರೆ 2020ರ ನಂತರದ ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ ಇದೆ. ಇದು ಸೈಲೆನ್ಸರ್ ದಾರಿಯಲ್ಲಿ ಕೂತು ಹೊಗೆಯ ಮಸಿ ಹಿಡಿಯುವ ಜಾಲರಿ. ಮಸಿ ತುಂಬಿದಾಗ ಅದನ್ನು ಸುಟ್ಟು ಖಾಲಿ ಮಾಡಲು ಇಂಜಿನ್ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಬಿಸಿಯಾಗಿ ಓಡಬೇಕು. ದಿನಾ ಐದು ಕಿಲೋಮೀಟರ್ ಆಫೀಸು, ಎರಡು ಕಿಲೋಮೀಟರ್ ಶಾಲೆ ಅಂತ ಓಡುವ ಕಾರಿಗೆ ಆ ಅವಕಾಶವೇ ಸಿಗುವುದಿಲ್ಲ. ಮಸಿ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಬರುತ್ತದೆ. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಸ್ವಲ್ಪ ಡೀಸೆಲ್ ಇಂಜಿನ್ ಆಯಿಲ್‌ಗೆ ಸೇರಿಕೊಳ್ಳಬಹುದು. ಹಾಗಾಗಿ ಹಳೆ ಬಿಎಸ್6 ಡೀಸೆಲ್ ನೋಡುವಾಗ ಆಯಿಲ್ ಕಡ್ಡಿ ತೆಗೆದು ನೋಡಿ. ಮಟ್ಟ ಮೇಲಿನ ಗೆರೆ ದಾಟಿದ್ದು, ಡೀಸೆಲ್ ವಾಸನೆ ಇದ್ದರೆ ಆ ಕಾರು ಊರೊಳಗೆ ಮಾತ್ರ ಓಡಿದೆ ಅಂತ ತಿಳಿಯಿರಿ. ನಗರದಲ್ಲಿ ಮಾತ್ರ ಓಡಿಸುವವರಿಗೆ ನಾನು ಬಿಎಸ್6 ಡೀಸೆಲ್ ಬೇಡ ಅಂತಲೇ ಹೇಳುತ್ತೇನೆ.

*1.5 ಪೆಟ್ರೋಲ್.* 115 ಪಿಎಸ್, ಟರ್ಬೊ ಇಲ್ಲದ ಸರಳ ಇಂಜಿನ್. ಪಿಕಪ್ ಸಾಧಾರಣ. ಐದು ಜನ ತುಂಬಿಕೊಂಡು ನಂದಿ ಬೆಟ್ಟ ಹತ್ತುವಾಗ ಇಂಜಿನ್ ಕೂಗುತ್ತದೆ. ಆದರೆ ಬೆಂಗಳೂರಿನ ದಿನನಿತ್ಯದ ಓಡಾಟಕ್ಕೆ ಇದಕ್ಕಿಂತ ತಲೆನೋವು ಕಡಿಮೆ ಇರುವುದು ಈ ಸಾಲಿನಲ್ಲಿ ಇಲ್ಲ. ಇದರ ಆಟೋಮ್ಯಾಟಿಕ್ ಸಿವಿಟಿ ಮಾದರಿಯದು, ಹ್ಯುಂಡೈ ಇದನ್ನು ಐವಿಟಿ ಅನ್ನುತ್ತದೆ. ಇದರಲ್ಲಿ ಗೇರುಗಳ ಮೆಟ್ಟಿಲುಗಳಿಲ್ಲ. ಎರಡು ರಾಟೆಗಳ ನಡುವೆ ಬೆಲ್ಟ್ ಜಾರುತ್ತಾ ಅನುಪಾತ ಬದಲಾಗುತ್ತದೆ. ಟ್ರಾಫಿಕ್‌ನಲ್ಲಿ ಒಂದು ಜರ್ಕ್ ಕೂಡ ಇಲ್ಲ. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದರೆ ಮಾತ್ರ ಮೊದಲು ಶಬ್ದ, ಆಮೇಲೆ ವೇಗ. ಒಂದು ಎಚ್ಚರಿಕೆ: 2023ರ ಫೆಬ್ರವರಿಯಿಂದ ಜೂನ್ ಆರಂಭದವರೆಗೆ ತಯಾರಾದ ಕೆಲವು ಪೆಟ್ರೋಲ್ ಸಿವಿಟಿ ಕ್ರೆಟಾಗಳನ್ನು ಗೇರ್‌ಬಾಕ್ಸ್‌ನ ಎಲೆಕ್ಟ್ರಾನಿಕ್ ಆಯಿಲ್ ಪಂಪ್ ಕಂಟ್ರೋಲರ್ ಪರೀಕ್ಷೆಗೆ ಕಂಪನಿ 2024ರಲ್ಲಿ ವಾಪಸ್ ಕರೆದಿತ್ತು. ಇಂಥ ಕರೆಗೆ ರಿಕಾಲ್ ಅನ್ನುತ್ತಾರೆ, ರಿಪೇರಿ ಉಚಿತ. ಆ ತಿಂಗಳುಗಳ ಕಾರು ನೋಡುತ್ತಿದ್ದರೆ ಚಾಸಿ ನಂಬರ್ ಕೊಟ್ಟು ಸರ್ವೀಸ್ ಸೆಂಟರ್‌ನಲ್ಲಿ ಕೆಲಸ ಮುಗಿದಿದೆಯೇ ಕೇಳಿ.

*ಟರ್ಬೊ ಪೆಟ್ರೋಲ್ ಮತ್ತು ಡಿಸಿಟಿ.* ಓಡಿಸಿದರೆ ಬಿಡಲು ಮನಸ್ಸಾಗುವುದಿಲ್ಲ, ಅಷ್ಟು ಚುರುಕು. ಡಿಸಿಟಿ ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್. ಒಂದು ಕ್ಲಚ್ ಈಗಿನ ಗೇರು ಹಿಡಿದಿದ್ದರೆ ಇನ್ನೊಂದು ಮುಂದಿನ ಗೇರು ಸಿದ್ಧ ಮಾಡಿಟ್ಟಿರುತ್ತದೆ. ಈ ಏಳು ಸ್ಪೀಡಿನ ಡಿಸಿಟಿಯಲ್ಲಿರುವುದು ಒಣ ಕ್ಲಚ್. ತಣ್ಣಗಿಡಲು ಸುತ್ತ ಆಯಿಲ್ ಇಲ್ಲ. ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳ ಫ್ಲೈಓವರ್ ಏರಿನಲ್ಲೋ ಇಂಚಿಂಚು ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟ ಸ್ಥಿತಿಯಲ್ಲೇ ಉಜ್ಜುತ್ತಿರುತ್ತದೆ, ಬಿಸಿಯಾಗುತ್ತದೆ. ಮುಂದಿನ ಗಾಡಿಯಿಂದ ಸ್ವಲ್ಪ ಅಂತರ ಬಿಟ್ಟು, ಪೂರ್ತಿ ನಿಂತು, ಆಮೇಲೆ ಒಮ್ಮೆಗೇ ಹೊರಡುವ ಅಭ್ಯಾಸ ಇದ್ದರೆ ತೊಂದರೆ ಕಡಿಮೆ. ಹಿಂದಿನ ಮಾಲೀಕರಿಗೆ ಆ ಅಭ್ಯಾಸ ಇತ್ತೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ವಾರಂಟಿ ಮುಗಿದ ಹಳೆ 1.4 ಟರ್ಬೊ ಡಿಸಿಟಿಗೆ ನಾನು ಕೈ ಹಾಕುವುದಿಲ್ಲ. ಹೊಸದಾಗಿ ವಾರಂಟಿ ಜೊತೆ ತೆಗೆದುಕೊಂಡು, ಹೆದ್ದಾರಿಯಲ್ಲಿ ಜಾಸ್ತಿ ಓಡಿಸುವವರು ಧಾರಾಳವಾಗಿ ಕೊಳ್ಳಲಿ.

*ಡೀಸೆಲ್ ಆಟೋಮ್ಯಾಟಿಕ್.* ಎರಡೂ ತಲೆಮಾರಿನಲ್ಲಿ ಇದು ಆರು ಸ್ಪೀಡಿನ ಟಾರ್ಕ್ ಕನ್ವರ್ಟರ್, ಅಂದರೆ ಇಂಜಿನ್ ಮತ್ತು ಗೇರಿನ ನಡುವೆ ಆಯಿಲ್ ಮೂಲಕ ಶಕ್ತಿ ಸಾಗುವ ಹಳೆಯ, ಗಟ್ಟಿ ವಿಧಾನ. ತೆವಳುವ ಟ್ರಾಫಿಕ್ಕನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ಮೊದಲ ತಲೆಮಾರಿನ 1.6 ಪೆಟ್ರೋಲ್ ಬಗ್ಗೆಯೂ ಕೇಳುತ್ತಾರೆ. ಇಂಜಿನ್ ಒಳ್ಳೆಯದೇ, 123 ಪಿಎಸ್. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ಏಪ್ರಿಲ್ 2023ರ ನಂತರದ ಕಾರುಗಳು ಅದಕ್ಕೆಂದೇ ತಯಾರಾದವು, ಅದಕ್ಕೂ ಹಳೆಯವು ಅಲ್ಲ. ಹಳೆ ಕಾರಿನಲ್ಲಿ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಆಗಾಗ ನೋಡಿಸುತ್ತಿರಬೇಕು.

ಹಂತ 4: ಏರ್‌ಬ್ಯಾಗ್ ಎಣಿಸಿ

2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಎರಡನೇ ತಲೆಮಾರಿನ ಕ್ರೆಟಾವನ್ನು ಗುದ್ದಿಸಿ ಪರೀಕ್ಷೆ ಮಾಡಿತ್ತು. ಎರಡು ಏರ್‌ಬ್ಯಾಗ್‌ನ ಮಾದರಿಗೆ ಐದು ಸ್ಟಾರ್‌ಗಳಲ್ಲಿ ದೊಡ್ಡವರ ರಕ್ಷಣೆಗೆ 3, ಮಕ್ಕಳ ರಕ್ಷಣೆಗೆ 3 ಬಂದವು. ಬಾಡಿಯ ಚಿಪ್ಪು ಸ್ಥಿರವಾಗಿಲ್ಲ ಅಂತ ವರದಿ ಹೇಳಿತು. 2020ರಲ್ಲಿ ಆರು ಏರ್‌ಬ್ಯಾಗ್ ಬಂದದ್ದು ಟಾಪ್ ವೇರಿಯಂಟ್ ಎಸ್‌ಎಕ್ಸ್ (ಓ) ನಲ್ಲಿ ಮಾತ್ರ. 2024ರ ಫೇಸ್‌ಲಿಫ್ಟ್‌ನಲ್ಲಿ ಬೇಸ್ ಮಾಡೆಲ್‌ಗೂ ಆರು ಏರ್‌ಬ್ಯಾಗ್ ಇದೆ. ತಿರುವಿನಲ್ಲಿ ಕಾರು ಜಾರದಂತೆ ತಾನೇ ಬ್ರೇಕ್ ಹಿಡಿಯುವ ಇಎಸ್‌ಸಿ ಕೂಡ ಇದೆ.

ಶುರುವಿನಲ್ಲಿ ಹೇಳಿದ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಗುತ್ತದೆ. ಮಧ್ಯದ ವೇರಿಯಂಟ್‌ನ 2021ರ ಕಾರಿನಲ್ಲಿ ದೊಡ್ಡ ಸ್ಕ್ರೀನ್ ಇರಬಹುದು, ಏರ್‌ಬ್ಯಾಗ್ ಎರಡೇ ಇರುತ್ತವೆ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗುವವರು ಸ್ಕ್ರೀನ್ ಬಿಟ್ಟು ಏರ್‌ಬ್ಯಾಗ್ ಆರಿಸಿ. ಹಳೆಯದೇ ಆಗಬೇಕು ಅಂದರೆ ಎಸ್‌ಎಕ್ಸ್ (ಓ) ಹುಡುಕಿ. ಮಾರುವವರು "ಫುಲ್ ಲೋಡೆಡ್" ಅಂದರೆ ನಂಬಿ ಕೂರಬೇಡಿ. ಸೀಟಿನ ಬದಿ ಮತ್ತು ಬಾಗಿಲ ಮೇಲಿನ ಕಂಬದಲ್ಲಿ ಏರ್‌ಬ್ಯಾಗ್ ಅಂತ ಅಚ್ಚಾಗಿದೆಯೇ ನೀವೇ ನೋಡಿ.

2024ರ ಮಾಡೆಲ್‌ನ ದುಬಾರಿ ವೇರಿಯಂಟ್‌ಗಳಲ್ಲಿ ಅಡಾಸ್ ಇದೆ. ಮುಂದಿನ ಗಾಡಿ ಹತ್ತಿರವಾದರೆ ಎಚ್ಚರಿಸುವ, ಬೇಕಾದರೆ ಬ್ರೇಕ್ ಹಾಕುವ ಕ್ಯಾಮೆರಾ–ರೇಡಾರ್ ವ್ಯವಸ್ಥೆ ಅದು. ಅದರ ಕ್ಯಾಮೆರಾ ಮುಂದಿನ ಗಾಜಿನ ಹಿಂದೆ ಕೂತಿರುತ್ತದೆ. ಗಾಜು ಬದಲಾಗಿದ್ದರೆ ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸಿದ ಬಿಲ್ ಕೇಳಿ.

ಹಂತ 5: ದುಡ್ಡಿನ ಲೆಕ್ಕ

ಕರ್ನಾಟಕದಲ್ಲಿ ಹೊಸ ಕಾರು ದುಬಾರಿಯಾಗಲು ದೊಡ್ಡ ಕಾರಣ ಜೀವಾವಧಿ ತೆರಿಗೆ. 10 ಲಕ್ಷದಿಂದ 20 ಲಕ್ಷದವರೆಗಿನ ಕಾರಿಗೆ ಶೇ. 17, ಆ ತೆರಿಗೆಯ ಮೇಲೆ ಶೇ. 11 ಸೆಸ್. ಎರಡೂ ಸೇರಿ ಶೇ. 18.87. ಷೋರೂಮ್ ಬೆಲೆ 15 ಲಕ್ಷ ಅಂದುಕೊಳ್ಳಿ. ತೆರಿಗೆಯೇ 2,83,050 ರೂಪಾಯಿ. ಇದರ ಮೇಲೆ ವಿಮೆ. 10 ಲಕ್ಷ ದಾಟಿದ ಕಾರಿಗೆ ಶೇ. 1 ಟಿಸಿಎಸ್ ಬೇರೆ. ಟಿಸಿಎಸ್ ಅಂದರೆ ಮುಂಗಡ ಆದಾಯ ತೆರಿಗೆ, ರಿಟರ್ನ್ಸ್‌ನಲ್ಲಿ ಸರಿಹೊಂದಿಸಿಕೊಳ್ಳಬಹುದು. ಆ ಚೀಟಿ ಜೋಪಾನ.

ಈಗ ಬಳಸಿದ ಕಾರಿನ ಕಡೆ ನೋಡಿ. ಕರ್ನಾಟಕದಲ್ಲೇ ರಿಜಿಸ್ಟರ್ ಆದ ಕಾರು ನಿಮ್ಮ ಹೆಸರಿಗೆ ಬರುವಾಗ ಈ ತೆರಿಗೆ ಮತ್ತೆ ಕಟ್ಟಬೇಕಿಲ್ಲ. ಮೊದಲ ಮಾಲೀಕರು ಆ ಹೊರೆ ಹೊತ್ತಾಗಿದೆ. ನಮ್ಮ ಊರಿನಲ್ಲಿ ಎರಡು ಮೂರು ವರ್ಷದ ಕಾರು ಅಷ್ಟು ಲಾಭ ಅನಿಸುವುದು ಇದರಿಂದಲೇ.

ಹೊಸ ಕಾರು ನೋಡುತ್ತಿದ್ದರೆ ಇನ್ನೊಂದು ವಿಷಯ. ಸೆಪ್ಟೆಂಬರ್ 22, 2025ರಿಂದ ಈ ಗಾತ್ರದ ಕಾರಿಗೆ ಜಿಎಸ್‌ಟಿ ಶೇ. 40, ಸೆಸ್ ಇಲ್ಲ. ಮುಂಚೆ ಸೆಸ್ ಸೇರಿ ಶೇ. 45 ಬೀಳುತ್ತಿತ್ತು. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕು ಅಲ್ವಾ? ಅದಕ್ಕೂ ಮುಂಚಿನ ಬೆಲೆ ಪಟ್ಟಿ ಇಟ್ಟುಕೊಂಡು "ಹೊಸದಕ್ಕೆ ಇಷ್ಟಿತ್ತು ಸಾರ್" ಅನ್ನುವವರಿಗೆ ಇಂದಿನ ಷೋರೂಮ್ ಬೆಲೆ ತೋರಿಸಿ.

ಡೀಸೆಲ್‌ಗೆ ಜಾಸ್ತಿ ಕೊಡಬೇಕೇ ಅನ್ನುವುದನ್ನು ಹೀಗೆ ಲೆಕ್ಕ ಹಾಕಿ. ಉದಾಹರಣೆಗೆ ಪೆಟ್ರೋಲ್ 103 ರೂಪಾಯಿ, ನಗರದಲ್ಲಿ ಲೀಟರಿಗೆ 11 ಕಿಲೋಮೀಟರ್. ಡೀಸೆಲ್ 91 ರೂಪಾಯಿ, 15 ಕಿಲೋಮೀಟರ್. ಕಿಲೋಮೀಟರಿಗೆ ಸುಮಾರು 9.40 ಮತ್ತು 6.10, ವ್ಯತ್ಯಾಸ 3.30. ಡೀಸೆಲ್ ಕಾರಿಗೆ ಷೋರೂಮ್ ಬೆಲೆ ಒಂದೂವರೆ ಲಕ್ಷ ಹೆಚ್ಚಿದ್ದರೆ ತೆರಿಗೆ ಸೇರಿ 1.78 ಲಕ್ಷ. ಅದು ವಾಪಸ್ ಬರಲು 54,000 ಕಿಲೋಮೀಟರ್ ಓಡಿಸಬೇಕು. ತಿಂಗಳಿಗೆ ಸಾವಿರ ಓಡಿಸುವವರಿಗೆ ನಾಲ್ಕೂವರೆ ವರ್ಷ. ಈ ಅಂಕಿಗಳ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ.

ಹಂತ 6: ಕಾರು ನೋಡಲು ಹೋಗುವ ಮುಂಚೆ ಕಾಗದ ನೋಡಿ

ನಂಬರ್ ಪ್ಲೇಟ್ ಸಂಖ್ಯೆ ಸಿಕ್ಕರೆ ಸಾಕು, ಅರ್ಧ ಕೆಲಸ ಮನೆಯಲ್ಲೇ ಕೂತು ಮುಗಿಯುತ್ತದೆ. ಎಂ-ಪರಿವಾಹನ್‌ನಲ್ಲಿ ಎಷ್ಟನೇ ಮಾಲೀಕರು, ವಿಮೆ ಯಾವಾಗ ಮುಗಿಯುತ್ತದೆ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ, ಹೈಪೋಥಿಕೇಶನ್ ಇದೆಯೇ ನೋಡಿ. ಹೈಪೋಥಿಕೇಶನ್ ಅಂದರೆ ಕಾರು ಬ್ಯಾಂಕಿನ ಸಾಲಕ್ಕೆ ಅಡವಾಗಿದೆ ಅಂತ ಆರ್‌ಸಿಯಲ್ಲಿರುವ ನಮೂದು. ಸಾಲ ತೀರಿದ್ದರೂ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಕೊಟ್ಟು ಅದನ್ನು ತೆಗೆಸಿರಬೇಕು. "ಸಾಲ ಮುಗಿದಿದೆ, ಕಾಗದ ಆಮೇಲೆ ಕೊಡ್ತೀನಿ" ಅಂದರೆ ದುಡ್ಡೂ ಆಮೇಲೆಯೇ. ಬಾಕಿ ಟ್ರಾಫಿಕ್ ದಂಡವನ್ನೂ ನೋಡಿ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಕ್ಯಾಮೆರಾ ಇರುವುದರಿಂದ ಮಾಲೀಕರಿಗೇ ಗೊತ್ತಿಲ್ಲದ ದಂಡಗಳು ಸೇರಿಕೊಂಡಿರುತ್ತವೆ.

ಕೆಎ-01 ಕೋರಮಂಗಲ, ಕೆಎ-05 ಜಯನಗರ, ಕೆಎ-51 ಎಲೆಕ್ಟ್ರಾನಿಕ್ ಸಿಟಿ, ಕೆಎ-53 ಕೆ.ಆರ್. ಪುರ. ಇವುಗಳಲ್ಲಿ ಯಾವುದಾದರೂ ಸರಿ, ರಾಜ್ಯದೊಳಗಿನ ವರ್ಗಾವಣೆ ಸುಲಭ. ಜೋಪಾನ ಬೇಕಾದದ್ದು ದೆಹಲಿ ಕಾರುಗಳ ಬಗ್ಗೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳಿಗೆ ನಿರ್ಬಂಧದ ಭಯ ಇರುವುದರಿಂದ ಮೊದಲ ತಲೆಮಾರಿನ ಡೀಸೆಲ್ ಕ್ರೆಟಾಗಳು ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತವೆ. ಬೆಲೆ ನೋಡಿ ಮನಸ್ಸು ಜಾರುತ್ತದೆ. ಆ ಕಾರಿಗೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಬೇಕು, ಇಲ್ಲಿ ಹೊಸ ನಂಬರ್ ಮಾಡಿಸಬೇಕು, ವಯಸ್ಸಿಗೆ ತಕ್ಕ ಕಡಿತ ಕಳೆದು ಇಲ್ಲಿನ ಜೀವಾವಧಿ ತೆರಿಗೆ ಕಟ್ಟಬೇಕು. ಇವೆಲ್ಲ ಕೂಡಿಸಿದ ಮೇಲೂ ಅಗ್ಗವೇ ಅನ್ನುವುದನ್ನು ಕಾಗದದ ಮೇಲೆ ಬರೆದು ನೋಡಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. 2015ರ ಕಾರು 2030ರಲ್ಲಿ ಫಿಟ್‌ನೆಸ್ ಪರೀಕ್ಷೆ ಪಾಸಾಗಿ ನವೀಕರಣ ಆಗಬೇಕು, ಅದೂ ನೆನಪಿರಲಿ.

ಹಂತ 7: ಹಗಲು ಬೆಳಕಿನಲ್ಲಿ ಕಾರು ನೋಡಿ

ಮೊದಲು ನೀರು. ಸೆಪ್ಟೆಂಬರ್ 2022ರಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟುಗಳಲ್ಲಿ ನಿಂತಿದ್ದ ಕಾರುಗಳು ಮುಳುಗಿದ್ದು ನೆನಪಿದೆಯಲ್ಲ. ಅಕ್ಟೋಬರ್ 2024ರಲ್ಲಿ ಯಲಹಂಕದ ಕಡೆ, ಮೇ 2025ರಲ್ಲಿ ಸಾಯಿ ಲೇಔಟ್‌ನಲ್ಲೂ ನೀರು ನುಗ್ಗಿತು. ಅಂಥ ಕಾರನ್ನು ತೊಳೆದು ಒಣಗಿಸಿ ಪಾಲಿಶ್ ಮಾಡಿದರೆ ಹೊರಗಿಂದ ಏನೂ ಗೊತ್ತಾಗುವುದಿಲ್ಲ. ವೈರು ಜೋಡಣೆಗಳಲ್ಲಿ ಹಸಿರು ತುಕ್ಕು ಹಿಡಿದು ವರ್ಷ ಕಳೆದ ಮೇಲೆ ಒಂದೊಂದೇ ಕೈಕೊಡುತ್ತದೆ. ಒಮ್ಮೆ ಗೆಳೆಯರೊಬ್ಬರ ಜೊತೆ ಕಾರು ನೋಡಲು ಹೋಗಿದ್ದೆ. ಎಲ್ಲ ಫಳಫಳ. ಸೀಟ್ ಬೆಲ್ಟ್ ಕೊನೆಯವರೆಗೆ ಎಳೆದಾಗ ಒಳಗಿನ ಒಂದು ಗೇಣು ಪಟ್ಟಿ ಕೆಮ್ಮಣ್ಣಿನ ಬಣ್ಣಕ್ಕಿತ್ತು. ಅಲ್ಲಿಂದಲೇ ವಾಪಸ್ ಬಂದೆವು.

ನೀವೂ ಹಾಗೆಯೇ ಮಾಡಿ. ಎಲ್ಲ ಸೀಟ್ ಬೆಲ್ಟ್ ಪೂರ್ತಿ ಎಳೆದು ಬಿಳಿ ಬಟ್ಟೆಯಿಂದ ಒರೆಸಿ. ಸೀಟಿನ ಕೆಳಗಿನ ಹಳಿಗಳಿಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಮಣ್ಣಿನ ಗೆರೆ ಇದೆಯೇ ನೋಡಿ. ಫ್ಲೋರ್ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ಮೂಸಿ. ಎಸಿಯನ್ನು ಜೋರಾಗಿ ಹಾಕಿ, ಮೊದಲ ಒಂದು ನಿಮಿಷ ಮುಗ್ಗಲು ವಾಸನೆ ಬರುತ್ತದೆಯೇ ಗಮನಿಸಿ. ಅತಿಯಾದ ಪರ್ಫ್ಯೂಮ್ ಹಾಕಿದ್ದರೆ ಅದೂ ಒಂದು ಸೂಚನೆಯೇ.

ನೀರಿನ ಕಲೆ ಚಾವಣಿಯಲ್ಲಿದ್ದರೆ ಕಾರಣ ಬೇರೆ ಇರಬಹುದು. ಪ್ಯಾನೊರಾಮಿಕ್ ಸನ್‌ರೂಫ್‌ನ ಮೂಲೆಗಳಲ್ಲಿ ನೀರು ಇಳಿಯುವ ಸಣ್ಣ ಕೊಳವೆಗಳಿವೆ. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಧೂಳು ಸೇರಿ ಅವು ಕಟ್ಟಿಕೊಳ್ಳುತ್ತವೆ. ಕೊಳವೆ ಸ್ವಚ್ಛ ಮಾಡಿಸಿದರೆ ಸಾಕು, ಆದರೆ ಬೆಲೆ ಇಳಿಸಲು ಕಾರಣ ಆಯಿತು.

ಆಮೇಲೆ ಟಿಂಕರಿಂಗ್. ಸಣ್ಣ ಗೀರಿಗೆ ಬಂಪರ್ ಪೇಂಟ್ ಆಗಿರುವುದು ಈ ಊರಿನಲ್ಲಿ ಮಾಮೂಲು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಭಯಪಡಬೇಕಾದದ್ದು ಚಿಪ್ಪಿಗೆ ಬಿದ್ದ ಪೆಟ್ಟಿಗೆ. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಎಳೆದರೆ ಕಂಪನಿಯ ವೆಲ್ಡಿಂಗ್ ಚುಕ್ಕೆಗಳು ಸಮನಾದ ಅಂತರದಲ್ಲಿ ಕಾಣಬೇಕು. ಬಾನೆಟ್ ಮತ್ತು ಬಾಗಿಲ ಬೋಲ್ಟ್‌ಗಳ ಮೇಲಿನ ಪೇಂಟ್ ಬಿರಿದಿದ್ದರೆ ಸ್ಪ್ಯಾನರ್ ಬಿದ್ದಿದೆ. ಎಲ್ಲ ಗಾಜುಗಳ ಮೂಲೆಯಲ್ಲಿ ತಯಾರಾದ ವರ್ಷದ ಗುರುತು ಇರುತ್ತದೆ, ಒಂದು ಮಾತ್ರ ಬೇರೆ ಇದ್ದರೆ ಕಾರಣ ಕೇಳಿ.

ಕಿಲೋಮೀಟರ್ ತಿರುಗಿಸುವುದು ಇನ್ನೂ ನಿಂತಿಲ್ಲ. ಮೀಟರ್ ನಂಬದೆ ಸರ್ವೀಸ್ ದಾಖಲೆ ತರಿಸಿ, ಪ್ರತಿ ಸಲದ ದಿನಾಂಕ ಮತ್ತು ಕಿಲೋಮೀಟರ್ ಸಾಲಾಗಿ ಏರುತ್ತಿದೆಯೇ ನೋಡಿ. 30,000 ಓಡಿದ ಕಾರಿನಲ್ಲಿ ಬ್ರೇಕ್ ಪೆಡಲ್ ರಬ್ಬರ್ ಸವೆದು ನುಣುಪಾಗಿರಬಾರದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಅಂದರೆ 2021ರ 23ನೇ ವಾರ. ಕಡಿಮೆ ಓಡಿದೆ ಅನ್ನುವ 2022ರ ಕಾರಿಗೆ ಆಗಲೇ ನಾಲ್ಕೂ ಹೊಸ ಟೈರ್ ಬಿದ್ದಿದ್ದರೆ ಲೆಕ್ಕ ಹೊಂದುತ್ತಿಲ್ಲ.

ಬಾನೆಟ್ ತೆಗೆದಾಗ ವೈರುಗಳನ್ನು ಇಲಿ ಕಡಿದಿದೆಯೇ ನೋಡಿ. ಬೇಸ್‌ಮೆಂಟ್ ಪಾರ್ಕಿಂಗ್ ಕಾರುಗಳಿಗೆ ಇದು ದೊಡ್ಡ ಕಾಟ. "ಟೈಮಿಂಗ್ ಬೆಲ್ಟ್ ಈಗ ತಾನೇ ಬದಲಾಯಿಸಿದ್ದೇವೆ" ಅಂತ ಯಾರಾದರೂ ಹೇಳಿ ಮೊದಲ ತಲೆಮಾರಿನ 1.6 ಕಾರಿಗೆ ದುಡ್ಡು ಜಾಸ್ತಿ ಕೇಳಿದರೆ ಒಪ್ಪಬೇಡಿ. 1.6 ಇಂಜಿನ್‌ಗಳಲ್ಲಿರುವುದು ಚೈನು, ಬೆಲ್ಟ್ ಅಲ್ಲ.

ಹಂತ 8: ನಿಮ್ಮ ದಾರಿಯಲ್ಲಿ ಓಡಿಸಿ

ಮಾರುವವರಿಗೆ ಮುಂಚೆಯೇ ಹೇಳಿ, ಇಂಜಿನ್ ತಣ್ಣಗಿರಲಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬೆಚ್ಚಗಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಟ್ಟಿರಬಹುದು. ಕಾಲೋನಿಯೊಳಗೆ ಒಂದು ಸುತ್ತು ಸಾಲದು. ಒಂದು ಬೇಸ್‌ಮೆಂಟ್ ರ‍್ಯಾಂಪ್, ಹತ್ತು ನಿಮಿಷ ತೆವಳುವ ಟ್ರಾಫಿಕ್, ಒಂದು ಫ್ಲೈಓವರ್ ಏರು, ಸಾಧ್ಯವಾದರೆ ನೈಸ್ ರಸ್ತೆಯಲ್ಲಿ ಒಂದು ಓಟ. ಇಷ್ಟು ಬೇಕೇ ಬೇಕು.

ಡಿಸಿಟಿ ಆದರೆ ಟ್ರಾಫಿಕ್‌ನಲ್ಲಿ ಬಿಸಿಯಾದ ಮೇಲೆ ಏರಿನಲ್ಲಿ ನಿಂತು ಹೊರಡಿ, ನಡುಕ ಬಂದರೆ ಕ್ಲಚ್ ಸವೆದಿದೆ. ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿಯಲ್ಲಿ ನಿಂತಲ್ಲೇ ಡಿ (ಮುಂದೆ) ಯಿಂದ ಆರ್ (ರಿವರ್ಸ್) ಗೆ ಹಾಕಿ, ಧಡ್ ಅನ್ನಬಾರದು. ಮ್ಯಾನುಯಲ್‌ನಲ್ಲಿ ಏರು ದಾರಿಯಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ. ಇಂಜಿನ್ ಶಬ್ದ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಗಾಜು ಇಳಿಸಿ, ಮ್ಯೂಸಿಕ್ ನಿಲ್ಲಿಸಿ ಹಂಪ್ಸ್ ಮೇಲೆ ನಿಧಾನವಾಗಿ ಹತ್ತಿಸಿ. ಕಟಕಟ ಅಂದರೆ ಸಸ್ಪೆನ್ಷನ್‌ನ ಲಿಂಕ್ ರಾಡ್ ಅಥವಾ ಬುಷ್ ಹೋಗಿದೆ. ನಮ್ಮ ಗುಂಡಿಗಳಿಗೆ ಅದು ಸಹಜ ಸವೆತ. ಬೆಲೆ ಇಳಿಸಿ ಕೇಳಿ, ಕಾರು ಬಿಡಬೇಕಿಲ್ಲ. ಕೊನೆಗೆ ಸ್ಕ್ಯಾನರ್ ಹಾಕಿ. ಹಳೆ ದೋಷಗಳನ್ನು ಅವತ್ತೇ ಅಳಿಸಿರಬಹುದು, ಹಾಗಾಗಿ ಓಟದ ಮೊದಲೂ ನಂತರವೂ ನೋಡಿ.

ಹಂತ 9: ದುಡ್ಡು ಕೊಡುವ ದಿನ

ಹೊಸ ಕಾರಾದರೆ ರಿಜಿಸ್ಟ್ರೇಷನ್‌ಗೆ ಮುಂಚೆ ಯಾರ್ಡಿಗೆ ಹೋಗಿ ಆ ಕಾರನ್ನೇ ನೋಡಿ. ತಯಾರಾದ ತಿಂಗಳು, ಮೀಟರ್, ಪೇಂಟ್, ಟೈರ್ ನೋಡಿ, ಚಾಸಿ ನಂಬರಿನ ಫೋಟೊ ತೆಗೆದುಕೊಳ್ಳಿ. ರಿಜಿಸ್ಟರ್ ಆದ ಮೇಲೆ ದೋಷ ಹೇಳಿದರೆ ಬದಲಿ ಕಾರು ಸಿಗುವುದು ಕಷ್ಟ. ಷೋರೂಮಿನಲ್ಲೇ ವಿಮೆ ಮಾಡಿಸಬೇಕು ಅನ್ನುವ ನಿಯಮ ಇಲ್ಲ, ಹೊರಗೆ ಬೆಲೆ ಕೇಳಿ ಬನ್ನಿ.

ಬಳಸಿದ ಕಾರಾದರೆ ಟೋಕನ್ ಅಡ್ವಾನ್ಸ್‌ಗೂ ರಸೀದಿ ಇರಲಿ, ದುಡ್ಡು ಬ್ಯಾಂಕ್ ಮೂಲಕ ಹೋಗಲಿ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಆಗಬೇಕು. ಆರ್‌ಸಿಯಲ್ಲಿರುವ ಹೆಸರಿನವರೇ ಸಹಿ ಮಾಡುತ್ತಿದ್ದಾರೆಯೇ ಗುರುತಿನ ಚೀಟಿ ನೋಡಿ. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಕೇಳಿಕೊಳ್ಳಬೇಕು. ಇಲ್ಲದಿದ್ದರೆ ನಿಮ್ಮ ಕಾರಿಗೆ ಆದ ಹಾನಿಗೆ ಕ್ಲೇಮ್ ಕೇಳಿದಾಗ ಕಂಪನಿ ತಕರಾರು ತೆಗೆಯುತ್ತದೆ. ಕ್ಲೇಮ್ ಮಾಡದ್ದಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ಮಾರಿದವರ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಹಾಗಾಗಿ ಪ್ರೀಮಿಯಂ ಸ್ವಲ್ಪ ಏರುತ್ತದೆ. ಹಳೆ ಫಾಸ್ಟ್ಯಾಗ್ ಮುಚ್ಚಿಸಿ ನಿಮ್ಮ ಹೆಸರಿನಲ್ಲಿ ಹೊಸದು ಹಾಕಿಸಿ.

ಎರಡನೇ ಕೀ ಮರೆಯಬೇಡಿ, ಅದನ್ನೂ ಹಾಕಿ ಸ್ಟಾರ್ಟ್ ಮಾಡಿ ನೋಡಿ. ಹೊಸ ಆರ್‌ಸಿ ಕಾರ್ಡ್ ಬಂದ ದಿನ ನಿಮ್ಮ ಹೆಸರಿನ ಅಕ್ಷರ, ಇಂಜಿನ್ ಮತ್ತು ಚಾಸಿ ನಂಬರ್, ಹೈಪೋಥಿಕೇಶನ್ ಕಾಲಂ ಈ ನಾಲ್ಕನ್ನೂ ಕಾರಿನ ಪಕ್ಕ ನಿಂತು ಹೋಲಿಸಿ ನೋಡಿ. ಒಂದಕ್ಷರ ತಪ್ಪಿದ್ದರೂ ಅದೇ ವಾರ ಆರ್‌ಟಿಒಗೆ ಹೋಗಿ ಸರಿಮಾಡಿಸಿ.